ಗೋಡೆಯಾಚೆಯ ಚಪ್ಪಾಳೆ

ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಎರಡು ಮನೆಗಳ ನಡುವಿನ ಗೋಡೆ ಹೆಸರಿಗೆ ಮಾತ್ರ. ಆಚೆ ಮನೆಯ ಲಕ್ಷ್ಮವ್ವ ಸೀನಿದರೆ ಈಚೆ ನಾನು 'ಕೃಷ್ಣಾ' ಅನ್ನುತ್ತೇನೆ. ಅವಳು ವಿಜಾಪುರದ ಕಡೆಯವಳು, ಖಾನಾವಳಿಗಳಿಗೆ ಜೋಳದ ರೊಟ್ಟಿ ಕೊಡುತ್ತಾಳೆ. ಬೆಳಗ್ಗೆ ಬಡಿಯಲು ಕೂತಳೆಂದರೆ ನಮ್ಮ ಗೋಡೆಯ ಕ್ಯಾಲೆಂಡರು ಕುಣಿಯುತ್ತದೆ.

ನನ್ನ ಸೊಸೆ ಶ್ರೇಯಾ ಮನೆಯಿಂದಲೇ ಆಫೀಸು ಮಾಡುವವಳು. ಅವಳ ಮೇಜು ಅದೇ ಗೋಡೆಗೆ ತಾಗಿ. ಬೇರೆ ಜಾಗ ಎಲ್ಲಿದೆ? ಅವಳ ಸಾಹೇಬರು ಕಂಪ್ಯೂಟರಿನಲ್ಲಿ ಮಾತಾಡುವಾಗ ಆಚೆಯಿಂದ ಪಟಪಟ, ಪಟಪಟ. ಒಂದು ದಿನ ಅವರು ಮಾತು ನಿಲ್ಲಿಸಿ, "ಥ್ಯಾಂಕ್ಯೂ ಶ್ರೇಯಾ, ಮನೆಯವರೂ ಕೇಳ್ತಿದ್ದಾರಾ?" ಅಂದರಂತೆ. ಚಪ್ಪಾಳೆ ಅಂದುಕೊಂಡಿದ್ದರು! ಇವಳು ಹೆದರಿ "ಹೌದು ಸರ್" ಅಂದುಬಿಟ್ಟಳು. ಅಲ್ಲಿಂದ, ಅತ್ತ ರೊಟ್ಟಿ ಮುಗಿಯದೆ ಇತ್ತ ಭಾಷಣ ಮುಗಿಯದು.

"ಅತ್ತೆ, ನನ್ನ ಜಾಬ್ ಇನ್ನೂ ಪರ್ಮನೆಂಟ್ ಆಗ್ಲಿಲ್ಲ," ಎಂದು ಶ್ರೇಯಾ ಅಳುಮುಖ ಮಾಡಿದಳು. "ರೊಟ್ಟಿ ಅಂತ ಗೊತ್ತಾದ್ರೆ ಸರ್ ಕಾ ಇನ್ಸಲ್ಟ್ ಹೋ ಜಾಯೇಗಾ. ನೌಕರಿ ಹೋಗ್ತದೆ. ಗೋಡೆಯ ಸದ್ದು ಬಂದ್ ಮಾಡ್ಬೇಕು."

ಬಂದವನು ಅಣವೀರಪ್ಪ, ಗೋಡೆಯ ಬಿರುಕು ಮುಚ್ಚಿಸಬೇಕು ಅಂತಷ್ಟೇ ನಾವು ಹೇಳಿದಾಗ ಲಕ್ಷ್ಮವ್ವನೇ ಹುಡುಕಿಕೊಟ್ಟ ಅವಳ ಊರಿನ ಗಾರೆಯವನು. ಹಳೆಯ ಪ್ಲಾಸ್ಟರಿನ ಬಿರುಕು ಮುಚ್ಚಿದ, ಗೋಡೆಗೆ ತಾಗದಂತೆ ತಗಡಿನ ಚೌಕಟ್ಟು ನಿಲ್ಲಿಸಿದ, ಒಳಗೆ ಹತ್ತಿಯ ಹಾಸಿಗೆಯಂಥದ್ದನ್ನು ತುಂಬಿ ಮೇಲೆ ಎರಡು ಪದರ ಜಿಪ್ಸಮ್ ಹಲಗೆ ಕೂರಿಸಿದ. ಮಧ್ಯಾಹ್ನ ಲಕ್ಷ್ಮವ್ವನ ರೊಟ್ಟಿಯನ್ನೇ ಉಂಡು ಬಂದು, "ಅಕ್ಕಾರ, ಇನ್ನ ಆಚಿಕಡೆ ಡೊಳ್ಳು ಬಾರಿಸಿದ್ರೂ ಕೇಳಂಗಿಲ್ಲ ನೋಡ್ರಿ," ಅಂದ. ಗೋಡೆ ದಪ್ಪಗಾಗಿ ನನ್ನ ಕಪಾಟಿನ ಬಾಗಿಲು ಅರ್ಧವೇ ತೆರೆಯುವಂತಾಯಿತು. ಆದರೆ ಸದ್ದು ನಿಂತಿತು.

ಸೋಮವಾರ ಸಾಹೇಬರು ನೌಕರಿ ಖಾಯಂ ಮಾಡುವವರಿದ್ದರು. ಮೊದಲು ಭಾಷಣ. ಒಂದು ಕಡೆ ನಿಲ್ಲಿಸಿ ಚಪ್ಪಾಳೆಗೆ ಕಾದರು. ಗೋಡೆ ಗಪ್‌ಚಿಪ್.

"ಇವತ್ತು ಮನೆಯವರಿಗೆ ಹಿಡಿಸ್ಲಿಲ್ವಾ?" ಮುಖ ಬಾಡಿತು. "ನಿಮ್ಮ ವಿಷಯ ಮುಂದೆ ಯಾವಾಗ್ಲಾದ್ರೂ ನೋಡೋಣ."

ಶ್ರೇಯಾ ನನ್ನತ್ತ ಕಣ್ಣು ಬಿಟ್ಟಳು. ನಾನು ಚಪ್ಪಾಳೆ ತಟ್ಟಿದೆ. ವಾತ ಹಿಡಿದ ಕೈ. ತಲೆದಿಂಬಿಗೆ ತಲೆದಿಂಬು ತಾಗಿದಂತಾಯಿತು.

ಅಷ್ಟರಲ್ಲಿ ಬಾಗಿಲು ದಬದಬ. ತೆರೆದರೆ ಲಕ್ಷ್ಮವ್ವ, ಕೈಯಲ್ಲಿ ಹಿಟ್ಟಿನ ಉಂಡೆ.

"ವಿನೋದಕ್ಕಾ, ಅದೀರೇನ? ನಿನ್ನಿಯಿಂದ ನಿಮ್ಮ ಕುಕ್ಕರ್ ಸೀಟಿ ಇಲ್ಲ, ಕೆಮ್ಮಿಲ್ಲ! ಸತ್ತಗಿತ್ತೀರೇನಂತ ಓಡಿ ಬಂದೆ!"

"ಆಮೇಲೆ ಬೈ ಮಾರಾಯ್ತಿ! ಈಗ ಇಲ್ಲೇ ಬಡಿ, ಜೋರಾಗಿ!"

"ಹುಚ್ಚ ಹಿಡದೈತೇನ ನಿಮಗ?" ಅನ್ನುತ್ತಲೇ ಉಂಡೆಯನ್ನು ನನ್ನ ಅಡುಗೆಕಟ್ಟೆಗೆ ಹಾಕಿ ಬಡಿದಳು. ಪಟಪಟ, ಪಟಪಟ.

ಸಾಹೇಬರು ಪೂರಿಯಂತೆ ಉಬ್ಬಿದರು. "ಕನ್ಫರ್ಮ್ ಶ್ರೇಯಾ, ಕನ್ಫರ್ಮ್!" ಅಂದವರೇ ಭಾಷಣವನ್ನು ಮೊದಲಿನಿಂದ ಶುರುಮಾಡಿದರು.

ಈಗ ಮೀಟಿಂಗಿನ ದಿನ ಲಕ್ಷ್ಮವ್ವನ ಹಂಚು ನಮ್ಮ ಒಲೆಯ ಮೇಲೆ. ಹೊಸ ಗೋಡೆಯನ್ನು ಅವಳು ಬಹಳ ಮೆಚ್ಚಿದ್ದಾಳೆ.

"ಅಣವೀರಪ್ಪನ ಕೆಲಸ ಛಲೋ ಐತ್ರಿ. ನಿಮ್ಮ ಸಾಹೇಬನ ವಟವಟ ನಮ್ಮ ಮನಿಗೆ ಬರೂದು ನಿಂತೈತಿ," ಅನ್ನುತ್ತಾಳೆ ರೊಟ್ಟಿ ಮಗುಚುತ್ತ. "ಏನ್ ಮಾಡೂದು, ಈಗ ಅದನ್ನ ಕೇಳಾಕ ನಾನ ಇಲ್ಲಿಗೆ ಬರಬೇಕಾತು."