ಕಂಪ್ಯೂಟರ್ ಸುಟ್ಟಾಕಿ

“ತೆಂಗಿನ ನೀರು ಅಂತ ಬರೀಬ್ಯಾಡ್ರಿ. ಒಳಗ ನೀರು ಹೋದ ಗುರುತೇ ಇಲ್ಲ,” ಅಂದ ಮರಿಲಿಂಗ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಡದೆ.

ಹೀಗೆ ಶುರು ಮಾಡಬಹುದೇ, ಓದುಗರೇ? ಮೊದಲ ಡ್ರಾಫ್ಟು ಕಾಯಿ ಒಡೆದು ನೀರು ಕಂಪ್ಯೂಟರಿನೊಳಗೆ ಸಿಡಿಯುವಲ್ಲಿಂದ ಶುರುವಾಗಿತ್ತು, ಚೆನ್ನಾಗಿಯೂ ಇತ್ತು. ಅದನ್ನು ಮರಿಲಿಂಗನಿಗೆ ಓದಿದ್ದು ನನ್ನ ಗ್ರಹಚಾರ. ಯಾದಗಿರಿಯಲ್ಲಿ ಟಿವಿ, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರುವ ಈತ, ಹಳೇ ಕಂಪ್ಯೂಟರ್ ಸಿಕ್ಕರೆ ಗಿರಾಕಿಗಳನ್ನೇ ಮರೆಯುತ್ತಾನೆ. ಮೀಟರಿಗೆ ಸಿಗದ ಮಾತನ್ನು ನಂಬುವುದಿಲ್ಲ. (ಇಂಥವನು ನನ್ನ ಸಂಪಾದಕ.)

೧

1986. ಸುರಪುರದ ಒಂದು ಹೈಸ್ಕೂಲಿಗೆ ಕಂಪ್ಯೂಟರ್ ಬಂತು. ಕೀಬೋರ್ಡಿನ ಹೊಟ್ಟೆಯಲ್ಲೇ ಎಲ್ಲ ಇದ್ದು, ಟಿವಿಗೆ ಜೋಡಿಸುವಂಥದ್ದು. ಉದ್ಘಾಟನೆಯ ದಿನ ಎಲ್ಲರ ಚಪ್ಪಲಿ ಹೊರಗೆ ಬಿಡಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದರು. ಒಂಬತ್ತನೇ ಕ್ಲಾಸಿನ ಪಂಚಶೀಲಾ, ಜೊತೆಗೆ ಬಂದ ಪುಸ್ತಕ ನೋಡಿ ಬರೆದುಕೊಂಡಿದ್ದ, ಹದಿನೇಳರ ಮಗ್ಗಿ ತೋರಿಸುವ ತನ್ನದೇ ಪ್ರೋಗ್ರಾಮನ್ನು ಅತಿಥಿಗಳೆದುರು ಟೈಪ್ ಮಾಡಿ, ಕೊನೆಗೆ ‘ರನ್’ ಹೊಡೆದಳು. ಪರದೆಯ ಮೇಲೆ ಏನೋ ಮೂಡಿತು. ಓದುವಷ್ಟರಲ್ಲಿ ಹೆಡ್‌ಮಾಸ್ತರು ಓಡಿಬಂದು ವೈರ್ ಕಿತ್ತರು. ಕೋಣೆಗೆ ಕೀಲಿ ಬಿತ್ತು. ಅವತ್ತಿನಿಂದ ಆಕೆ ‘ಕಂಪ್ಯೂಟರ್ ಸುಟ್ಟಾಕಿ’.

೨

ಈಗ ಆಕೆ ಶಹಾಪುರದಲ್ಲಿ ಟೀಚರು, ವಯಸ್ಸು ಐವತ್ತಮೂರು. ಕಂಪ್ಯೂಟರ್ ಮುಟ್ಟುವುದಿಲ್ಲ. ಅವರ ಕ್ಲಾಸಿನ ಆನ್‌ಲೈನ್ ಎಂಟ್ರಿಗಳನ್ನೆಲ್ಲ ಅದೇ ಶಾಲೆಯ ಚಂದ್ರಕಲಾ ಟೀಚರೇ ಮಾಡಿಕೊಡುತ್ತಾರೆ. ಹಳೇ ಶಾಲೆಯವರು ಗುಜರಿಗೆ ಹಾಕಲಿದ್ದ ಆ ಮಷೀನನ್ನು ಪಂಚಶೀಲಾ ಕೇಳಿ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮರಿಲಿಂಗನ ಅಂಗಡಿಗೆ ತಂದರು.

“ನಡೀಬೇಕು ಅಂತೇನಿಲ್ರಿ. ನಾ ಸುಟ್ಟೀನೋ ಇಲ್ಲೋ, ಅಷ್ಟ ಹೇಳ್ರಿ.”

೪

(ಮೂರನ್ನು ಹರಿದೆ. ಅದರಲ್ಲಿ ಮುದಿ ಹೆಡ್‌ಮಾಸ್ತರು ಕ್ಷಮೆ ಕೇಳುತ್ತಿದ್ದರು. ಅವರು ಹಂಗ ಕೇಳೋ ಮಂದಿ ಅಲ್ಲವೇ ಅಲ್ಲ ಎಂದು ಪಂಚಶೀಲಾ ಹಾಳೆ ವಾಪಸ್ ಕೊಟ್ಟರು.)

ಇಷ್ಟು ವರ್ಷ ಮಲಗಿದ ಮಷೀನಿಗೆ ನೇರ ಕರೆಂಟು ಕೊಡಬಾರದಂತೆ. ಮರಿಲಿಂಗ ಮೊದಲು ಬಿಚ್ಚಿದ. ಪವರ್ ಸಪ್ಲೈಯಲ್ಲಿ ಒಂದು ಕೆಪ್ಯಾಸಿಟರ್ ಒಣಗಿದ ಕೆರೆಯ ತಳದಂತೆ ಸೀಳುಬಿಟ್ಟಿತ್ತು. ಅದು ವಯಸ್ಸಿನ ಸೀಳು, ಯಾರ ಕೈಗುಣವೂ ಅಲ್ಲ ಎನ್ನುತ್ತಲೇ ಬದಲಿಸಿದ. ಸಾಕೆಟ್ಟಿನಿಂದ ಎದ್ದಿದ್ದ ಚಿಪ್‌ಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಟಿವಿಯಲ್ಲಿ ಅಕ್ಷರ ಬಂತು. ಸುಟ್ಟದ್ದು ಎಲ್ಲೂ ಇರಲಿಲ್ಲ.

ಹಾಗಾದರೆ ಅವತ್ತು ಏನಾಗಿತ್ತು? ನಾನು ಕೇಳಿದೆ, ನನ್ನ ಕಥೆಗೆ ಬೇಕಿತ್ತು.

“ಅವತ್ತಿಂದು ಅಳೆಯಾಕ ನನ್ನ ಹತ್ರ ಮೀಟರ್ ಇಲ್ರಿ,” ಅಂದವನೇ ಕೀಬೋರ್ಡನ್ನು ಟೀಚರ ಕಡೆ ತಿರುಗಿಸಿ, ಅದೇ ಪ್ರೋಗ್ರಾಮನ್ನು ಹೊಡೆಯಲು ಹೇಳಿದ.

ಪಂಚಶೀಲಾ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು. (ಇಲ್ಲಿ ಫ್ಲ್ಯಾಶ್‌ಬ್ಯಾಕ್ ಹಾಕುವ ಆಸೆ ನನಗೆ.) ಆಮೇಲೆ ಒಂದೇ ಬೆರಳಿನಿಂದ ಶುರು ಮಾಡಿದರು. ಪ್ರತಿ ಸಾಲೂ ಬಾಯಿಪಾಠ.

ರನ್.

‘ಮಿಸ್ಟೇಕ್ ಅಟ್ ಲೈನ್ 40.’

ಬೆರಳು ಬಿಸಿ ಹಂಚು ಮುಟ್ಟಿದಂತೆ ಹಿಂದೆ ಬಂತು. “ಇದ ನೋಡ್ರಿ. ಅವತ್ತೂ ಹಿಂಗ ಒಂದ ಸಾಲು ಬಂದಿತ್ತು.”

“ಟೀಚರ, ಇದು ಕೆಟ್ಟದ್ದಲ್ರಿ. ನಲವತ್ತನೇ ಸಾಲಿನ್ಯಾಗ ಶಿಫ್ಟ್ ಹಿಡೀಲಾರದ ಒತ್ತೀರಿ, ಸಮ ಚಿಹ್ನೆ ಬದಲಿ ಬರೇ ಗೆರಿ ಬಿದ್ದದ. ಅದನ್ನ ಹೇಳಾಕತ್ತದ. ನೀವು ಹುಡುಗರ ನೋಟ್‌ಬುಕ್ಕಿನ್ಯಾಗ ಕೆಂಪು ಪೆನ್ನಿಲೆ ಗೀಚಂಗಿಲ್ಲೇನು, ಹಂಗ.”

“ಮತ್ತ ಹೆಡ್‌ಮಾಸ್ತರು ವೈರ್ ಯಾಕ ಕಿತ್ತರು?”

“ಅವರೂ ಅವತ್ತ ಮೊದಲ ಸಲ ನೋಡಿದ್ರಲ್ರಿ. ಅಂಜ್ಯಾರ.”

೫, ಅಥವಾ ಮತ್ತೊಂದು ೫

ಕೊನೆ ಒಂದು: ಪಂಚಶೀಲಾ ಅತ್ತರು. ಕೊನೆ ಎರಡು: ನಕ್ಕರು. ಎರಡನ್ನೂ ಓದಿದೆ. ಅತ್ತದ್ದನ್ನು ಟೀಚರು ಒಪ್ಪಲಿಲ್ಲ, ನಕ್ಕದ್ದನ್ನು ಮರಿಲಿಂಗ. ಅವತ್ತು ಬಂದದ್ದೂ ಇದೇ ಸಾಲೋ ಬೇರೆಯೋ, ಅದಕ್ಕೂ ಸಾಕ್ಷಿಯಿಲ್ಲ ಎಂದು ಬೇರೆ ಸೇರಿಸಿದ. ಹಾಗಾದರೆ ಮುಗಿಸುವುದು ಹೇಗೆ ಎಂದು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ.

“ತಡೀರಿ,” ಅಂದರು ಪಂಚಶೀಲಾ, ಪರದೆಯಿಂದ ಕಣ್ಣು ತೆಗೆಯದೆ. “ಶಿಫ್ಟ್ ಎಲ್ಲದ, ಮರಿಲಿಂಗ?”

ಅವನು ತೋರಿಸಿದ. ಟೀಚರು ನಲವತ್ತನೇ ಸಾಲನ್ನು ತಿದ್ದಿ, ಮತ್ತೆ ರನ್ ಹೊಡೆದರು.

‘ಮಿಸ್ಟೇಕ್ ಅಟ್ ಲೈನ್ 60.’

ಪಂಚಶೀಲಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.