ಕುಂದೂರಿಗೆ ಹೇಳಲು ಬಂದ ಮಾತು

ಆಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಜೆನೆವಿವ್‌ಳನ್ನು ಯಾರೂ ಗುರುತಿಸಲಿಲ್ಲ. ಅದೇ ಒಳ್ಳೆಯದಾಯಿತು ಅಂದುಕೊಂಡಳು. ಬಿಸಿಲೆ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಸ್ಟ್ಯಾನಿಯ ಮಗಳು ಅವಳು. ಕಾಫಿ ಒಣಗಿಸುವ ಕಣದಲ್ಲಿ ಕೂಲಿ ಲೈನಿನ ಮಕ್ಕಳ ಜೊತೆ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದು, ಕೊನೆಗೆ ದೇಶದ ಫುಟ್‌ಬಾಲ್ ತಂಡಕ್ಕೇ ಆಡಿದವಳು. ಈಗ ದಿಲ್ಲಿಯ ಕ್ರೀಡಾ ಮಂಡಳಿಯಲ್ಲಿ ಜಂಟಿ ಕಾರ್ಯದರ್ಶಿ. ಅಲ್ಲಿ ಸಭೆಗೆ ಕೂರುವವರಲ್ಲಿ ಹೆಂಗಸು ಅಂದರೆ ಅವಳೊಬ್ಬಳೇ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಈ ಕಡೆ ಬರಲು ಅವಳಿಗೆ ಕಾರಣವೇ ಉಳಿದಿರಲಿಲ್ಲ.

ಈಗ ಸಿಕ್ಕ ಕಾರಣವೂ ಒಳ್ಳೆಯದಾಗಿರಲಿಲ್ಲ. ಕುಂದೂರಿನ ಹುಡುಗಿ ಮೇಘಾ ಹೊರದೇಶದ ಫುಟ್‌ಬಾಲ್ ಪಂದ್ಯಾವಳಿಗೆ ಆಯ್ಕೆಯಾಗಿದ್ದಳು. ಶಿಬಿರದಲ್ಲಿ ಅವಳ ಆಟ ಕಂಡು ಮೊದಲು ಹೆಸರು ಹೇಳಿದವಳು ಜೆನೆವಿವ್. ಆದರೆ ಹೋದ ವಾರ ಮಂಡಳಿ ಸಭೆ ಸೇರಿ, ಈ ವರ್ಷ ಹೆಂಗಸರ ತಂಡ ಕಳಿಸುವುದು ಬೇಡ ಎಂದುಬಿಟ್ಟಿತು. ಕಳಿಸಲೇಬೇಕು ಎಂದು ಕೈಯೆತ್ತಿದ್ದು ಅವಳೊಬ್ಬಳೇ. ಸಭೆ ಮುಗಿದ ಮೇಲೆ ಎಲ್ಲರೂ, "ಊಟಕ್ಕೆ ಬನ್ನಿ ಮೇಡಂ" ಎಂದು ಅವಳ ಮುಖ ನೋಡದೆ ಎದ್ದು ಹೋದರು.

ಫೋನಿನಲ್ಲೇ ತಿಳಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಬರುತ್ತಿದ್ದೇನೆ ಎಂದಷ್ಟೇ ಹೇಳಿ ಹೊರಟಿದ್ದಳು. ಅದೇ ತಪ್ಪಾಯಿತು.

ಕುಂದೂರಿನ ಮನೆಯ ಮುಂದೆ ಜನ ಸೇರಿದ್ದರು. ಮೇಘಾಳ ಅಪ್ಪ ಬಸವಯ್ಯ, "ದಿಲ್ಲಿಯಿಂದ ನಮ್ಮನೆಗೆ ಬಂದವ್ರೆ ಕಣ್ರೀ!" ಎನ್ನುತ್ತಾ, ಅವಳು ಬಾಯಿ ತೆರೆಯುವ ಮೊದಲೇ ಸೇವಂತಿಗೆ ಹಾರ ಹಾಕಿದ. ಅಜ್ಜಿ ಲಿಂಗಮ್ಮ ಕೈ ಹಿಡಿದುಕೊಂಡಳು.

"ಯಾವತ್ತವ್ವ ಹೊರಡದು ನಮ್ ಹುಡ್ಗಿ? ಅಲ್ಲಿ ಚಳಿ ಐತಂತಲ್ಲ, ಸ್ವೆಟರ್ ತರಿಸಿಟ್ಟಿವ್ನಿ."

"ಹೊರಡೋ ಹಾಗಿಲ್ಲ ಅಜ್ಜಿ. ತಂಡ ಕಳಿಸೋದು ಬೇಡ ಅಂತ ಆಗಿದೆ."

ಬಸವಯ್ಯ ಮಗಳ ಕಡೆ ನೋಡಿ, ಮತ್ತೆ ಇವಳ ಕಡೆ ತಿರುಗಿದ. "ನಮ್ ಹುಡ್ಗಿ ಏನಾರ ತಪ್ಪು ಮಾಡುದ್ಲಾ ಮೇಡಮ್ಮೋರೆ?"

"ಅಯ್ಯೋ, ಇಲ್ಲ. ಅವಳದ್ದೇನೂ ತಪ್ಪಿಲ್ಲ."

ಬಂದ ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಹಾರ ತೆಗೆಯಬೇಕೋ ಬಿಡಬೇಕೋ ತಿಳಿಯದೆ ಜೆನೆವಿವ್ ಹಾಗೇ ನಿಂತಿದ್ದಳು. ಬಾಗಿಲಿಗೆ ಒರಗಿದ್ದ ಮೇಘಾ ಮೆಲ್ಲಗೆ ಕೇಳಿದಳು.

"ನೀವೇನಂದ್ರಿ ಮೇಡಂ ಅಲ್ಲಿ?"

"ಕಳಿಸಲೇಬೇಕು ಅಂದೆ."

"ಇನ್ಯಾರು ಅಂದ್ರು?"

"ಯಾರೂ ಇಲ್ಲ."

"ನಿಮ್ಮಾತು ಯಾರೂ ಕೇಳ್ದಿದ್ಮೇಲೆ ನೀವಲ್ಲಿ ಯಾಕಿದೀರಾ?"

"ಏಯ್, ಬಾಯ್ ಮುಚ್ಚು!" ಎಂದ ಬಸವಯ್ಯ.

"ಬೈಬೇಡಿ, ಕೇಳ್ಲಿ" ಎಂದಳು ಜೆನೆವಿವ್. ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟಳು.

ಲಿಂಗಮ್ಮ ಉಣ್ಣಿಸದೆ ಬಿಡಲಿಲ್ಲ. ಮೇಘಾ ಬಸ್ಸಿನವರೆಗೂ ಬಂದಳು. ಬಸ್ಸು ಬಂದಾಗ, "ಹೋಗ್ಬನ್ನಿ" ಎಂದು ತಿರುಗಿ ನಡೆದಳು. ತಾನು ಮಂಡಳಿ ಬಿಟ್ಟು ಬಂದರೆ ಅಲ್ಲಿ ಕೈಯೆತ್ತುವವರೇ ಇರುವುದಿಲ್ಲ ಎಂಬ ಮಾತು ಜೆನೆವಿವ್‌ಗೆ ಹೊಳೆದದ್ದು ಬಸ್ಸು ಹಾಸನದ ರಸ್ತೆ ಹಿಡಿದ ಮೇಲೆ. ಅದು ಮೇಘಾ ಕೇಳಿದ್ದಕ್ಕೆ ಉತ್ತರವೋ, ತನಗೆ ತಾನೇ ಹೇಳಿಕೊಂಡ ಸಮಾಧಾನವೋ, ಅವಳಿಗೇ ಗೊತ್ತಾಗಲಿಲ್ಲ.

ಆಮೇಲೆ ಪ್ರತಿ ಸಭೆಯಲ್ಲೂ ಹೆಂಗಸರ ತಂಡದ ಮಾತನ್ನೇ ಎತ್ತಿದಳು. ಅವಳು ಬಾಯಿ ತೆರೆದರೆ ಕೆಲವರು ಗಡಿಯಾರ ನೋಡುತ್ತಿದ್ದರು. ಎರಡು ವರ್ಷ ಕಳೆದ ಮೇಲೆ, ಸಾಕಾಗಿಯೋ ಏನೋ, ಒಪ್ಪಿದರು. ಅವಳು ಮೊದಲು ಫೋನ್ ಮಾಡಿದ್ದು ಮೇಘಾಳಿಗೆ.

"ಪೊಲೀಸ್ ಕೆಲಸ ಸಿಕ್ತು ಮೇಡಂ, ಟ್ರೈನಿಂಗಲ್ಲಿದೀನಿ. ಆಟ ಬಿಟ್ಟು ವರ್ಷ ಆಯ್ತು. ಬೇರೆ ಹುಡ್ಗೀರ್ನ ಕಳ್ಸಿ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜೆನೆವಿವ್‌ಗೆ ಎಷ್ಟೋ ಹಗುರವಾಗುತ್ತಿತ್ತು.

ತಂಡದ ಜೊತೆ ಮ್ಯಾನೇಜರಾಗಿ ಮಂಡಳಿಯ ಇನ್ನೊಬ್ಬರು ಹೊರಟರು. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಹೋದ ಜೆನೆವಿವ್ ಗುಂಪಿನಿಂದ ಸ್ವಲ್ಪ ದೂರ ನಿಂತಿದ್ದಳು. ಒಬ್ಬ ಹುಡುಗಿ, "ಮೇಡಂ, ಫೋಟೋ!" ಎಂದು ಓಡಿ ಬಂದಳು. ಸೀರೆಯ ಸೆರಗು ಸರಿಮಾಡಿಕೊಂಡು ಇವಳು ಹೆಜ್ಜೆ ಮುಂದಿಟ್ಟಳು. ಹುಡುಗಿ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, ಓಡಿಹೋಗಿ ಗೆಳತಿಯರ ನಡುವೆ ಸೇರಿಕೊಂಡಳು.

"ಇನ್ನೂ ಹತ್ತಿರ ನಿಲ್ಲಿ" ಎಂದಳು ಜೆನೆವಿವ್. ಎಲ್ಲರ ಮುಖವೂ ಬಂದಿದೆಯೇ ಎಂದು ನೋಡಿ ಗುಂಡಿ ಒತ್ತಿದಳು.