ಇಬ್ಬರೂ ಬೇಕು

ಸಮಾಲೋಚನೆಗೆ ಅತ್ತೆಯೂ ಒಳಗೇ ಬಂದು ಕೂರುತ್ತಾಳೆಂದು ಸುರೇಖಾ ಎಣಿಸಿರಲಿಲ್ಲ. ಬಾಗಲಕೋಟೆಯ ದವಾಖಾನೆಯ ಆ ಸಣ್ಣ ಕೋಣೆಯಲ್ಲಿ ಸಿದ್ದವ್ವ ಸೆರಗು ಬಿಗಿದುಕೊಂಡು ಕೂತಿದ್ದಳು.

ಬೀರಪ್ಪ ದೇವರ ಒಕ್ಕಲಿನ ಕುರುಬರ ಮನೆಯ ಸುರೇಖಾ ಇಳಕಲ್ಲಿನ ಲಿಂಗಾಯತರ ಸುನೀಲಕುಮಾರನನ್ನು ಮೆಚ್ಚಿ ಮದುವೆಯಾಗಿದ್ದಳು. ಲಿಂಗದೀಕ್ಷೆ ಪಡೆದಳು, ಮಾಂಸ ಬಿಟ್ಟಳು. ಯಾರ ಒತ್ತಾಯವೂ ಇರಲಿಲ್ಲ. ಬೆಳಗಿನ ಲಿಂಗಪೂಜೆ ಅವಳಿಗೆ ನಿಜಕ್ಕೂ ಹಿಡಿಸಿತ್ತು. ಮಗ ಹುಟ್ಟಿದ ಮೇಲೆ ಅಪ್ಪ ಹುಲ್ಲಪ್ಪ ತುಳಸಿಗೇರಿಯಿಂದ ಫೋನ್ ಮಾಡಿ, "ಕೂಸಿನ ಜಾವಳ ಬೀರಪ್ಪನ ಗುಡ್ಯಾಗ ತಗಸಬೇಕವ್ವಾ, ಮೊದಲ ಕೂದಲಾ ಅವಗ ಕೊಡ್ತೇವಂತ ಹರಕಿ ಐತಿ" ಎಂದ. ಸಿದ್ದವ್ವ, "ಲಿಂಗಾ ಕಟ್ಟಿದ ಕೂಸದು" ಎಂದಷ್ಟೇ ಹೇಳಿ ಎದ್ದುಹೋದಳು. ಅಂದಿನಿಂದ ಪೂಜೆಗೆ ಕೂತರೆ ಸುರೇಖಾಳ ಗಂಟಲು ಬಿಗಿದು ಉಸಿರು ಕಟ್ಟತೊಡಗಿತು. ತಪಾಸಣೆಗಳಲ್ಲಿ ಏನೂ ಸಿಗಲಿಲ್ಲ. ಮೊದಲು ನೋಡಿದ ಸಮಾಲೋಚಕರು, "ಇಬ್ಬರು ದೇವರಲ್ಲಿ ಯಾರಾದರೂ ಒಬ್ಬರನ್ನು ಆರಿಸಿಕೊಳ್ಳಿ" ಎಂದಿದ್ದರು. ಅದರಿಂದ ಉಸಿರಾಟ ಇನ್ನಷ್ಟು ಕೆಟ್ಟಿತು.

"ಈಕಿಗೆ ನಾವೇನ ಕಡಿಮಿ ಮಾಡೇವ್ರಿ?" ಸಿದ್ದವ್ವ ಕೇಳಿದಳು.

ಈಗಿನ ಸಮಾಲೋಚಕಿ ಶೀಲಾ ಮೆಲ್ಲಗೆ, "ಸುರೇಖಾ ಅವರ, ದೇವರೆಲ್ಲಾ ಒಬ್ಬನ ಅಂತ ತಿಳ್ಕೊಂಡ್ರ ಹಗುರ ಆಗಬಹುದಲ್ರಿ?" ಎಂದರು.

"ಒಬ್ಬ ಅಲ್ರಿ!" ತನ್ನ ದನಿಗೆ ಸುರೇಖಾಳೇ ಬೆಚ್ಚಿದಳು. "ಒಬ್ಬ ಅಂದ್ರ ನಮ್ಮಪ್ಪನ ದೇವರು ಇಲ್ಲದಂಗ ಆಗ್ತಾನ. ಇಬ್ಬರು ಬ್ಯಾರೆನ ಅದಾರ. ನನಗ ಇಬ್ಬರೂ ಬೇಕು. ಲಿಂಗಾ ಹಿಡದಾಗ ಬೀರಪ್ಪನ ಮರೀಬೇಕೇನಂತ ಅಂಜಿಕಿ ಬರ್ತದ, ಅದಕ್ಕ ಉಸರ ಹಿಡೀತದ್ರಿ."

ಶೀಲಾ ಪೆನ್ನು ಕೆಳಗಿಟ್ಟರು. "ನಂದ ತಪ್ಪಾತ್ರಿ, ಹಂಗ ಅನ್ನಬಾರದಿತ್ತು. ಸಣ್ಣವರಿದ್ದಾಗ ಬೀರಪ್ಪನ ಗುಡಿಗೆ ಹೋದ್ರ ಏನ ಮಾಡ್ತಿದ್ರಿ, ಹೇಳ್ರಿ."

ಅತ್ತೆಯ ಮುಂದೆ ಎಂದೂ ಆಡದ ಮಾತು. ಅಪ್ಪನ ಹೆಗಲು, ಕಿವಿ ಗಡಚಿಕ್ಕುವ ಡೊಳ್ಳು, ಗಾಳಿಯಲ್ಲಿ ಹಾರುವ ಅರಿಸಿನದ ಭಂಡಾರ, ಕಂಬಳಿಯ ವಾಸನೆ ಎಲ್ಲವನ್ನೂ ಸುರೇಖಾ ತಡವರಿಸುತ್ತಲೇ ಹೇಳಿದಳು. ಸಿದ್ದವ್ವ ತಟಕ್ಕನೆ ಎದ್ದು ನಿಂತಳು. ಇನ್ನು ಮುಗಿಯಿತು ಎಂದುಕೊಂಡಳು ಸುರೇಖಾ.

"ಇಷ್ಟ ದಿನಾ ನನ್ನ ಮುಂದ ಯಾಕ ಅನ್ಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ, ಅತ್ತಿ."

ಸಿದ್ದವ್ವ ಮತ್ತೆ ಕೂತಳು. "ಜಾವಳಕ್ಕ ನಾ ಒಪ್ಪೂದಿಲ್ಲ. ಕೂಸಿನ್ನ ಕರಕೊಂಡು ಹೋಗಿ ಕೈ ಮುಗಿಸ್ಕೊಂಡು ಬಾ."

"ಭಂಡಾರ ಹಚ್ಚಸ್ಕೊಂಡ ಬರ್ತೇನಿ. ಹೊಸ್ತಲದಾಗ ತೊಳಕೋ ಅನಬ್ಯಾಡ್ರಿ."

ಸಿದ್ದವ್ವ ಬಿಗಿದ ಸೆರಗನ್ನು ಸಡಿಲಿಸಿದಳು. ಆಮೇಲೆ, "ಕೂಸಿನ ಕಣ್ಣಾಗ ಬೀಳದಂಗ ನೋಡ್ಕೋ, ಉರೀತದ" ಎಂದಳು.

ಗುಡಿಗೆ ಹೋದ ದಿನ ಜಾವಳ ಆಗಲಿಲ್ಲವೆಂದು ಹುಲ್ಲಪ್ಪ ಮುನಿಸಿಕೊಂಡ. ಆದರೂ ಭಂಡಾರ ಹಚ್ಚಿದ ಮೊಮ್ಮಗನನ್ನು ಹೆಗಲಿಂದ ಇಳಿಸಲು ಒಪ್ಪಲಿಲ್ಲ. ಸುರೇಖಾಳ ಉಸಿರು ಒಮ್ಮೆಲೇ ಸರಿಹೋಗಲಿಲ್ಲ. ಕೆಲವು ಮುಂಜಾನೆ ಈಗಲೂ ಗಂಟಲು ಹಿಡಿಯುತ್ತದೆ. ಆಗ ಅವಳು ಅಡುಗೆಮನೆಯ ಕಡೆ ಮುಖ ಮಾಡಿ, "ಅತ್ತಿ, ಬರ್ರಿ" ಎಂದು ಕೂಗುತ್ತಾಳೆ. ರೊಟ್ಟಿ ತಟ್ಟುವುದನ್ನು ಬಿಟ್ಟು ಸಿದ್ದವ್ವ ಬಂದು ಅವಳ ಬೆನ್ನು ಸವರುತ್ತಾಳೆ.